ನುಂಗಿದ ಕೆಮ್ಮು

ಮಾರ್ಚ್ 3, ಸಂಜೆ

ಹ್ಯಾಂಗರಿನಲ್ಲಿ ಎಂದಿನ ರೇಡಿಯೋ ತಪಾಸಣೆ. ಎರಡು ವಿಮಾನ ಸರಿ. ಒಂದಕ್ಕೆ ಆಂಟೆನಾ ಬದಲಿಸಬೇಕು. ಮಧ್ಯಾಹ್ನ ಮಗನ ಫೋನ್. ಪೈಲಟ್ ತರಬೇತಿಯ ಕಣ್ಣಿನ ಪರೀಕ್ಷೆಯಲ್ಲಿ ಬಣ್ಣದ ಚುಕ್ಕೆಗಳ ನಡುವಿನ ಅಂಕಿ ಕಾಣಲಿಲ್ಲವಂತೆ. ಕೆಂಪು-ಹಸಿರು ದೋಷ. "ಹಾರಲೇಬೇಕಾ? ನೆಲದ ಮೇಲೂ ಕೆಲಸ ಇರುತ್ತೆ, ನಿಮ್ಮಪ್ಪನ್ನ ಕೇಳು" ಎಂದು ಡಾಕ್ಟರ್ ನಕ್ಕರಂತೆ. ಬಿಳಿ ಕೋಟು ತೊಟ್ಟ ಮಾತ್ರಕ್ಕೆ ನಾಲಿಗೆಗೆ ಲಗಾಮು ಬೇಡವೆ?

ಮಾರ್ಚ್ 6

ನಿಯಮಾವಳಿ ಓದಿದೆ. ಇನ್ನೊಂದು ದಾರಿಯಿದೆ. ರೇಡಿಯೋ ಕೆಟ್ಟ ವಿಮಾನಕ್ಕೆ ಕಂಟ್ರೋಲ್ ಟವರಿನಿಂದ ತೋರಿಸುವ ದೀಪವನ್ನು ರನ್‌ವೇ ಬದಿಯಲ್ಲಿ ನಿಂತು ಗುರುತಿಸಬೇಕು—ಕೆಂಪು, ಹಸಿರು, ಬಿಳಿ. ಒಂದೇ ಅವಕಾಶ. ಒಂದು ತಪ್ಪಿದರೂ ಪ್ರಯಾಣಿಕರ ವಿಮಾನದ ಆಸೆ ಬಿಡಬೇಕು.

ಆ ದೀಪವನ್ನು ನಿಜಕ್ಕೂ ಬಳಸಿದ್ದು ನನ್ನ ಸೇವಾವಧಿಯಲ್ಲಿ ಕಂಡಿಲ್ಲ. ರೇಡಿಯೋ ಕೆಡದಂತೆ ನೋಡಿಕೊಳ್ಳುವವನೇ ನಾನು. ಕೆಡುವ ರೇಡಿಯೋದ ಹೆಸರಿನಲ್ಲಿ ನನ್ನ ಮಗನನ್ನೇ ತಡೆಯುತ್ತಾರೆ!

ತಾರಸಿಯ ಮೇಲೆ ಅಂಥದೇ ದೀಪ ಕಟ್ಟುತ್ತೇನೆ.

ಮಾರ್ಚ್ 19

ತಾರಸಿಯ ದೀಪ ತೋರಿಸಿದರೆ ಮಗ ಒಂದೂ ತಪ್ಪದೆ ಬಣ್ಣ ಹೇಳುತ್ತಿದ್ದಾನೆ. ಸಂಜೆ ಭಾವಮೈದುನ ಬಂದಿದ್ದ.

"ಭಾವ, ಇಷ್ಟೆಲ್ಲ ಸರ್ಕಸ್ ಯಾಕೆ? ಪರೀಕ್ಷೆ ದಿನ ನೀವು ಅವನ ಹಿಂದೆ ನಿಂತ್ಕೊಳ್ಳಿ. ಕೆಂಪಾದ್ರೆ ಒಂದು ಕೆಮ್ಮು, ಹಸಿರಾದ್ರೆ ಎರಡು. ಮುಗೀತಲ್ಲ!"

ಮಗ ನಕ್ಕ. ನನಗೆ ಮೈ ಉರಿಯಿತು.

"ನಾನು ಸಹಿ ಹಾಕಿದ್ದನ್ನ ನಂಬಿ ಜನ ಹಾರ್ತಾರೆ. ಎದ್ದು ನಡಿ."

ಕಾಫಿ ಅರ್ಧಕ್ಕೇ ಬಿಟ್ಟು ಹೋದ. ತಮ್ಮನನ್ನು ಎಬ್ಬಿಸಿ ಕಳಿಸಿದ್ದಕ್ಕೆ ಹೆಂಡತಿ ಮಾತು ಬಿಟ್ಟಿದ್ದಾಳೆ. ಬಿಡಲಿ.

ಏಪ್ರಿಲ್ 2

ದೀಪದ ಕೆಂಪು ಗಾಜು ಒಡೆಯಿತು. ತುಸು ತೆಳುವಾದದ್ದು ಸಿಕ್ಕಿತು, ಹಾಕಿದೆ. ಮಗ ಕೆಂಪಿಗೆ ಹಸಿರು, ಹಸಿರಿಗೆ ಕೆಂಪು ಎನ್ನತೊಡಗಿದ.

"ಸರಿಯಾಗಿ ನೋಡೋ!"

"ನೋಡ್ತಾನೇ ಇದೀನಪ್ಪ. ಮೊದಲು ಕೆಂಪು ಮಂಕಾಗಿರ್ತಿತ್ತು, ಹಸಿರು ಜೋರಾಗಿರ್ತಿತ್ತು. ಈಗ ಎರಡೂ ಒಂದೇ ಥರ ಇದೆಯಲ್ಲ?"

ಇಷ್ಟು ದಿನ ಕಲಿಸಿದ್ದು ಬಣ್ಣವನ್ನಲ್ಲ, ಪ್ರಖರತೆಯನ್ನು. ಬಲ್ಬಿನ ವೋಲ್ಟೇಜ್ ಅಳೆದೆ; ಗಾಜಿನಾಚೆ ಬರುವ ಬೆಳಕನ್ನು ಅಳೆಯಲಿಲ್ಲ. ಅಪ್ರೆಂಟಿಸ್ ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ... ನನ್ನ ಕಿವಿ ಹಿಂಡುವವರು ಯಾರು?

ಪರೀಕ್ಷೆ ನಾಡಿದ್ದು. ಮುಂದೂಡಲು ಕೇಳಿದೆ. ಆಗುವುದಿಲ್ಲವಂತೆ. ಫೋನ್ ಕುಕ್ಕಿದೆ.

ಏಪ್ರಿಲ್ 4, ಸಂಜೆ

ಪರೀಕ್ಷಕರಿಗೆ ನನ್ನ ಪರಿಚಯವಿತ್ತು. "ಇಲ್ಲೇ ಹಿಂದೆ ನಿಂತ್ಕೊಳ್ಳಿ ಸರ್, ನೀವು ನಮ್ಮೋರೇ ಅಲ್ವಾ" ಎಂದರು.

ಬಿಳಿ—ಸರಿ. ಕೆಂಪು—ಸರಿ. ಮೂರನೆಯದು ಹಸಿರು. ಮಗ ಕಣ್ಣು ಕಿರಿದಾಗಿಸಿದ. ಕತ್ತು ತುಸು ಹೊರಳಿತು, ನನ್ನ ಕಡೆಗೆ. ರನ್‌ವೇಯ ಧೂಳೋ ಏನೋ, ಗಂಟಲು ನಿಜವಾಗಿಯೂ ಕೆರೆಯಿತು. ಹಲ್ಲು ಕಚ್ಚಿ ನುಂಗಿದೆ. ಕಣ್ಣಲ್ಲಿ ನೀರು ಬಂತು.

"ಕೆಂಪು" ಎಂದ.

ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು.

ಕಾರು ಮನೆ ಮುಟ್ಟಿತು. ಗೇಟು ತೆರೆಯಲು ಇಳಿದ ಮಗ ಕಿಟಕಿಗೆ ಬಗ್ಗಿದ.

"ಅಪ್ಪ, ಕೆಮ್ಮು ಬಂದಿತ್ತು ಅಲ್ವಾ?"

ಬಂದಿತ್ತು. ಎರಡು ಸಲ, ಹಸಿರಿನ ಲೆಕ್ಕಕ್ಕೆ ಸರಿಯಾಗಿ. ಆದರೂ ನಾನು ಎರಡನ್ನೂ ನುಂಗಿದೆ.