ಗೋಲಿನ ಮುಂದಿನ ಕೆಸರು

ಬೀದರ, ೧೧ ಆಗಸ್ಟ್ ೧೯೨೯, ರವಿವಾರ ರಾತ್ರಿ

ಮುಗಿಯಿತು. ನಮ್ಮ ಫುಟ್‌ಬಾಲ್ ಕ್ಲಬ್ಬು ಲೀಗಿನಿಂದ ಹೊರಬಿತ್ತು. ಹೋದ ವರ್ಷ ಕಪ್ ಗೆದ್ದಾಗ ನಮ್ಮನ್ನು ಹೆಗಲ ಮೇಲೆ ಹೊತ್ತು ಕುಣಿದ ಜನವೇ ಇವತ್ತು ಕೆಸರು ಎರಚಿತು. ಆಟ ಸಮವಾಗಿದ್ದರೂ ಸಾಕಿತ್ತು, ಉಳಿಯುತ್ತಿದ್ದೆವು. ಇನ್ನು ಭಾಲ್ಕಿ, ಔರಾದದ ಹುಡುಗರು ನಮ್ಮ ಕ್ಲಬ್ಬಿಗೆ ಆಡಲು ಯಾತಕ್ಕೆ ಬರುತ್ತಾರೆ?

ಆಟಕ್ಕೆ ಮೊದಲು ರೆಫರಿ ಸಾಹೇಬರು ಗೋಲ್‌ಕೀಪರ್ ಮಡೆಪ್ಪನ ಕೊರಳಿನ ಬೆಳ್ಳಿ ಕರಡಿಗೆ ತೆಗೆಸಿದರು, ಯಾರಿಗಾದರೂ ಬಡಿದೀತೆಂದು. ಅವನು ಒಳಗಿನ ಲಿಂಗವನ್ನು ನನ್ನ ಹಾಗೆ ವಸ್ತ್ರದಲ್ಲಿ ಸುತ್ತಿ ಕಟ್ಟಿಕೊಂಡ. ಆಟ ಸಮದಲ್ಲೇ ಮುಗಿಯಲಿದ್ದ ಹೊತ್ತಿಗೆ ಚೆಂಡಿಗೆ ಹಾರಿ ಬಿದ್ದಾಗ ಆ ಗಂಟು ಬಿಚ್ಚಿತು. ಚೆಂಡು ಅವನ ಕೈಗೆ ಬಡಿದು, ವೇಗ ಕಳೆದುಕೊಂಡು, ಮೆಲ್ಲಗೆ ಗೋಲಿನ ಕಡೆ ಉರುಳತೊಡಗಿತು. ಅವನು ಅದನ್ನು ನೋಡಲೇ ಇಲ್ಲ. ಮೊಣಕಾಲೂರಿ ಕೆಂಪು ಕೆಸರು ಕೆದಕುತ್ತಿದ್ದ.

“ಸಿಕ್ತರಿ ಕ್ಯಾಪ್ಟನ್ ಸಾಬ್, ಲಿಂಗ ಸಿಕ್ತರಿ!” ಅಂದ. ಅಷ್ಟರಲ್ಲಿ ಚೆಂಡು ಗೆರೆ ದಾಟಿತ್ತು. ಅವನ ಮುಖದಲ್ಲಿ ಆ ಸಂತೋಷ!

ಎಲ್ಲರೂ ಬೈದರು. ನಾನು ಎಲ್ಲರಿಗಿಂತ ಹೆಚ್ಚು ಬೈದೆ. “ನಿಮ್ಮೂರು ಭಾತಂಬ್ರಾಕ್ಕ ಹೋಗಿ ದನಾ ಕಾಯಿ, ಹೋಗು!” ಅಂದೆ.

ಮನೆಯಲ್ಲಿ ಅವ್ವನಿಗೆ ಹೇಳಿದರೆ, “ಲಿಂಗ ಸಿಕ್ತಲ್ಲಪಾ, ಮತ್ಯಾಕ ಅಳ್ತಿ?” ಅಂದಳು.

ಅವಳಿಗೆ ಹೇಗೆ ಹೇಳಲಿ? ಆ ಚೆಂಡು ಉರುಳಿದ್ದು ನನ್ನ ಕಾಲ ಮುಂದೆಯೇ. ಒಂದು ಒದೆ ಸಾಕಿತ್ತು. ನಾನು ಎರಡೂ ಕೈಯಿಂದ ನನ್ನ ಎದೆಯ ಲಿಂಗವನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದೆ.