ಸುಮಾರು ಎಂದರೆ ಎಷ್ಟು

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 6.30

ಸೊಸೆಯ ಪಿಎಚ್‌ಡಿಗೆ ಇದುವರೆಗೆ ಆದ ಖರ್ಚು: ಯೀಸ್ಟ್ ಹದಿನಾಲ್ಕು ಜಾಡಿ, ಒಡೆದ ಥರ್ಮಾಮೀಟರ್ ಎರಡು, ನನ್ನ ಬೇಕರಿಯ ಹಿಂದಿನ ಕೋಣೆ ಪೂರ್ತಿ. ನನ್ನ ಬಾಯಿ ಲೆಕ್ಕಕ್ಕಿಲ್ಲ, ಅದು ಪುಕ್ಕಟೆ.

ಓವನ್ ಹಚ್ಚಿದೆ. ಅವಳು ಆಗಲೇ ಲ್ಯಾಪ್‌ಟಾಪ್ ಎದುರು. ಶುಕ್ರವಾರ ಗೈಡ್ ಬರುತ್ತಾರೆ. ಕಂಪ್ಯೂಟರ್ ಮಾಡೆಲ್ ಹೇಳಿದ್ದಕ್ಕೂ ಜಾಡಿ ಮಾಡಿದ್ದಕ್ಕೂ ತಾಳೆಯಾಗದಿದ್ದರೆ ಮೂರು ವರ್ಷದ ಕೆಲಸ ಕಸದ ಬುಟ್ಟಿಗೆ.

ನನಗೆ ತಿಳಿದಷ್ಟು: ಯೀಸ್ಟಿನೊಳಗೆ ಜೀನುಗಳದ್ದೊಂದು ಕೂಡುಕುಟುಂಬ. ಒಂದು ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು ಮಲಗಿಸುತ್ತದೆ. ಯಾವುದಕ್ಕೂ ಪೂರ್ತಿ ಎಚ್ಚರವಿಲ್ಲ, ಪೂರ್ತಿ ನಿದ್ದೆಯೂ ಇಲ್ಲ. ಅದಕ್ಕೇ ಫಜ್ಜಿ ಲಾಜಿಕ್ — ಹೌದು, ಅಲ್ಲ ಎನ್ನದೆ, ಎಷ್ಟು ಹೌದು ಎಂದು ಸೊನ್ನೆಯಿಂದ ಒಂದರೊಳಗೆ ಅಂಕ ಕೊಡುವುದು. ಮಾಡೆಲ್‌ಗೆ ಹಾಕಿದ ನಿಯಮಗಳು ನನ್ನವು. ಮೂವತ್ತು ವರ್ಷ ಯೀಸ್ಟ್ ಸಾಕಿದವಳ ಬಾಯಿಂದ ಬರೆದುಕೊಂಡಿದ್ದಾಳೆ: 'ಬಿಸಿ ಸುಮಾರು ಇದ್ದರೆ ಕಾವಲು ಜೀನು ಏಳುತ್ತದೆ. ಅದು ಎದ್ದರೆ ನೊರೆ ನಿಲ್ಲುತ್ತದೆ.' ಬಿಸಿ, ನೊರೆ ನನ್ನ ಮಾತು; ನಡುವೆ ಜೀನು ಸೇರಿಸಿದ್ದು ಅವಳು.

ಮಾರ್ಚ್ 5. ಮಧ್ಯಾಹ್ನ

ತಾಳೆಯಿಲ್ಲ. ಉಗುರುಬೆಚ್ಚಗಾದರೇ ನೊರೆ ನಿಲ್ಲುತ್ತದೆ ಎನ್ನುತ್ತದೆ ಮಾಡೆಲ್. ಜಾಡಿಯೋ, ಮುಚ್ಚಳ ತಳ್ಳಿಕೊಂಡು ಉಕ್ಕುತ್ತಿದೆ. ಸೊಸೆ ಊಟ ಬಿಟ್ಟಳು.

"ನಿಮ್ ಯೀಸ್ಟೂ ನಿಮ್ ಥರಾನೇ ಅತ್ತೆ. ಹೇಳಿದ್ ಮಾತು ಕೇಳಲ್ಲ."

"ಕೇಳೋ ಹಾಗಿದ್ದಿದ್ರೆ ಈ ಬೇಕರಿ ಎಲ್ಲಿರ್ತಿತ್ತೇ?"

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ 11

ನಿನ್ನೆ ಬರೆಯಲಿಲ್ಲ. ಅವಳು ಅತ್ತಳು, ನಾನು ಹಿಟ್ಟು ನಾದಿದೆ.

ಇಂದು ಬಿಸಿ ಬನ್ನು ಕೊಟ್ಟು ಹೇಗಿದೆ ಎಂದೆ. "ಸುಮಾರಾಗಿದೆ" ಎಂದಳು. ಮೈ ಉರಿಯಿತು.

"ಏನ್ ಕೊರತೆ ಆಗಿದೆ ಇದಕ್ಕೆ?"

"ಅಯ್ಯೋ, ಪರವಾಗಿಲ್ಲ ಅಂದೆ ಅಷ್ಟೆ. ಮಧ್ಯಮ."

"ನನ್ ಬಾಯಲ್ಲಿ ಸುಮಾರು ಅಂದ್ರೆ ಜಾಸ್ತಿ ಕಣೇ! ಸುಮಾರು ಜನ ಬಂದಿದ್ರು ಅಂದ್ರೆ ನಿಲ್ಲೋಕ್ ಜಾಗ ಇರ್ಲಿಲ್ಲ ಅಂತ!"

ಬನ್ನು ಕೈಯಲ್ಲೇ ನಿಂತಿತು. "ಅತ್ತೆ... ನಿಮ್ ಸುಮಾರಿಗೆ ನಾನು ಸೊನ್ನೆ ಪಾಯಿಂಟ್ ಐದು ಹಾಕಿದೀನಿ. ಅದಕ್ಕೇ ಉಗುರುಬೆಚ್ಚಗಿದ್ರೂ ನೊರೆ ನಿಲ್ಲತ್ತೆ ಅಂತಿದೆ ಮಾಡೆಲ್."

"ಪಾಯಿಂಟ್ ಎಂಟು ಹಾಕು, ಪುಣ್ಯಾತ್ಗಿತ್ತಿ!"

ಹಾಕಿದಳು. ಹೊಸದಾಗಿ ಮೂರು ಜಾಡಿ ಇಟ್ಟೆವು — ಬೆಚ್ಚಗೆ ಒಂದು, ಬಿಸಿ ಒಂದು, ಸುಡುಬಿಸಿ ಒಂದು. ಎರಡು ಗಂಟೆ ಇಬ್ಬರೂ ಜಾಡಿಗಳ ಮುಂದೆಯೇ ಕೂತೆವು. ಪರದೆಯ ಗೆರೆ ಹೇಳಿದಂತೆಯೇ ಬೆಚ್ಚಗಿನದು ಉಕ್ಕಿತು, ಉಳಿದೆರಡರಲ್ಲಿ ನೊರೆ ನಿಂತಿತು. ಮೂರಕ್ಕೆ ಮೂರೂ ತಾಳೆ.

ಸಂಜೆ 4

ಗೈಡ್ ಒಪ್ಪಿದರು. ಯಾರಿಗೆ ಏನು ಸಿಕ್ಕಿತು:

ಸೊಸೆಗೆ — ಅಧ್ಯಾಯ ಉಳಿಯಿತು, ಹಸಿವೂ ಬಂತು.
ಗೈಡಿಗೆ — ಬನ್ನು ನಾಲ್ಕು.
ನನಗೆ — ಪ್ರಬಂಧದಲ್ಲಿ 'ವಿಷಯ ತಜ್ಞೆ' ಎಂಬ ಪಟ್ಟ. ಏಳನೇ ಕ್ಲಾಸು ಫೇಲು.
ಯೀಸ್ಟಿಗೆ — ಸಕ್ಕರೆ ಎರಡು ಚಮಚ.

ಒಳಗಿನಿಂದ ಸೊಸೆ ಕೂಗುತ್ತಿದ್ದಾಳೆ, 'ಒಂಚೂರು' ಅಂದ್ರೆ ಎಷ್ಟು ಅತ್ತೆ ಅಂತ. ಹೋಗಿ ಹೇಳಿ ಬರುವೆ—