ನೆರಳುಗಾರ್ತಿಯ ಅಂಗೈ

ಗದಗ, ಏಳನೆಯ ಪಡಸಾಲೆ
ಕ್ರಿ.ಶ. ೨೧೬೮, ಬಿಸಿಲುಗಾಲದ ನೂರಾ ಹದಿನೇಳನೆಯ ದಿನ, ಎರಡನೆಯ ಮಗುಚಿಗೆ ಮೊದಲು

ನೂರ ನಲವತ್ತು ವರ್ಷ ಹಿಂದೆ ಕುಳಿತು ಇದನ್ನು ಓದುತ್ತಿರುವ ಹಿರಿಯರಿಗೆ,

ಮೇಲಿನ ತಾರೀಖು ನೋಡಿ ನಿಮಗೆ ನಗು ಬಂದರೆ ನಕ್ಕುಬಿಡಿ, ನನಗೆ ಬೇಸರವಿಲ್ಲ. ನನ್ನ ಕೆಲವು ಮಾತುಗಳು ನೀವು ಕಣ್ಣು ಮುಚ್ಚಿದ ಮೇಲೆ ಹುಟ್ಟಿದವು. ಅವು ಬಂದಾಗೆಲ್ಲ ನಿಂತು ಅರ್ಥ ಹೇಳುತ್ತೇನೆ. ಹೇಳಲು ಮರೆತರೆ ಮುದುಕಿಯೆಂದು ಸೈರಿಸಿಕೊಳ್ಳಿ. ಹೀಗೆ ಹಿಂದಿನವರಿಗೆ ಕಾಗದ ಕಳಿಸುವ ಏರ್ಪಾಟಿಗೆ ನಾವು ಹಿಂದಂಚೆ ಎನ್ನುತ್ತೇವೆ. ಅದು ಹೇಗೆ ನಡೆಯುತ್ತದೆಂದು ನನ್ನನ್ನು ಕೇಳಬೇಡಿ, ನನಗೆ ತಿಳಿಯದು. ಒಂದು ಪಡಸಾಲೆಗೆ ಹತ್ತು ವರ್ಷಕ್ಕೊಮ್ಮೆ ಒಂದೇ ಪತ್ರದ ಸರದಿ ಬರುತ್ತದೆ ಎಂಬುದು ಮಾತ್ರ ಗೊತ್ತು. ಈ ಸಲ ನಿಮಗೆ ಧನ್ಯವಾದ ಹೇಳಬೇಕೆಂದು ನಮ್ಮ ಸಭೆ ತೀರ್ಮಾನಿಸಿತು. ಅಕ್ಷರ ದುಂಡಗಿದೆಯೆಂದು ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಧನ್ಯವಾದ ಬರೆಯಬೇಕಾದ ಹಾಳೆಯ ಮೇಲೆ ನಾನು ನನ್ನ ತಪ್ಪು ಬರೆಯುತ್ತಿದ್ದೇನೆ.

ಪಡಸಾಲೆ ಎಂದರೆ ನಿಮ್ಮ ಕಾಲದಲ್ಲಿ ಮನೆಯ ಮುಂಭಾಗ. ನಮಗೆ ಅದು ಅರ್ಧ ನೆಲದೊಳಗೆ ಇಳಿದ, ಮೊಳ ದಪ್ಪದ ಮಣ್ಣಿನ ಗೋಡೆಯ ದೊಡ್ಡ ತಂಪುಮನೆ. ಬಿಸಿಲುಗಾಲದ ನೂರ ನಲವತ್ತು ದಿನ ಹಗಲಿನಲ್ಲಿ ಯಾರೂ ಸ್ವಂತ ಮನೆಯಲ್ಲಿ ಬದುಕಿ ಉಳಿಯಲಾರರು. ಓಣಿಗೆ ಓಣಿಯೇ ಬಂದು ಇಲ್ಲಿ ಸೇರುತ್ತದೆ. ನಮ್ಮಲ್ಲಿ ನಾನೂರ ಹನ್ನೆರಡು ಜನ. ಒಂದು ಮೂಲೆಯಲ್ಲಿ ರೊಟ್ಟಿ ಬಡಿಯುವ ಸದ್ದು, ಇನ್ನೊಂದರಲ್ಲಿ ಮಗ್ಗ, ನಡುವೆ ಶಾಲೆ, ಕಂಬಕ್ಕೊರಗಿ ಜಗಳವಾಡುವ ಗಂಡಹೆಂಡಿರು, ಅವರ ಜಗಳಕ್ಕೆ ತೀರ್ಪು ಕೊಡುವ ನಾಲ್ಕು ಮಂದಿ. ಇಷ್ಟು ಜನ ಒಂದೇ ಗಾಳಿ ಕುಡಿದು, ಒಂದೇ ಚಾಪೆ ಹಾಸಿ ಬಾಳುವಾಗ ಒಬ್ಬರ ಗಾಯ ಎಲ್ಲರ ಗಾಯವಾಗುತ್ತದೆ. ನೀವು ನಂಬಿದ ಆಂಟಿಬಯಾಟಿಕ್ ಮಾತ್ರೆಗಳು ನಮ್ಮ ಅಜ್ಜಿಯರ ಕಾಲಕ್ಕೇ ಸೋತುಹೋದವು. ನಮ್ಮನ್ನು ಕಾಯುತ್ತಿರುವುದು ನೀವು ಈಗಷ್ಟೇ ಆಸ್ಪತ್ರೆಯ ಛಾವಣಿಗಳಿಗೆ ಹಾಕಿ ನೋಡುತ್ತಿರುವ ಆ ನೇರಳೆ ದೀಪ.

ಆ ಬೆಳಕು ಕಣ್ಣಿಗೆ ಕಾಣುವಂಥದ್ದೇ. ಅದರ ಕೆಳಗೆ ಮಗು ಮಲಗಬಹುದು, ಮುದುಕರು ಎಲೆ ಅಡಿಕೆ ಮೆಲ್ಲಬಹುದು. ರೋಗಾಣುವಿನ ಒಡಲಲ್ಲೇ ಇರುವ ಏನೋ ಒಂದು, ಈ ಬೆಳಕು ತಾಗಿದರೆ ಕೆರಳಿ ಅದನ್ನೇ ಕೊಲ್ಲುತ್ತದಂತೆ. ಆದರೆ ಅದು ನಿಧಾನದ ಕೆಲಸ, ಗಂಟೆಗಟ್ಟಲೆ ಬೇಕು, ಮತ್ತು ಬೆಳಕು ಬಿದ್ದ ಕಡೆ ಮಾತ್ರ. ಅದಕ್ಕೇ ನಮ್ಮಲ್ಲಿ ಮಗುಚು ಇದೆ. ನಾಲ್ಕು ಗಂಟೆಗೊಮ್ಮೆ ಘಂಟೆ ಬಾರಿಸುತ್ತಾರೆ, ಇದ್ದವರೆಲ್ಲ ಎದ್ದು ತಮ್ಮ ಸುತ್ತಲಿನ ವಸ್ತುಗಳನ್ನು ಮಗುಚಿ ಹಾಕುತ್ತಾರೆ: ತಟ್ಟೆ, ದಿಂಬು, ಚಪ್ಪಲಿ, ಕನ್ನಡಕ, ಹಿಟ್ಟು ನಾದುವ ಕೊಣಮಿಗೆ, ಚಾಪೆ. ಮಕ್ಕಳು ತಮ್ಮನ್ನೇ ಮಗುಚಿಕೊಂಡು ಉರುಳಾಡುತ್ತವೆ. ಹಾಗೆ ಮಗುಚಿದ ಮೇಲೂ ಉಳಿಯುವ ನೆರಳನ್ನು ಹುಡುಕುವುದು ನೆರಳುಗಾರ್ತಿಯ ಕೆಲಸ. ಮೂವತ್ತೊಂದು ವರ್ಷದಿಂದ ಅದು ನನ್ನದು. ಒಂದು ಕೈಯಲ್ಲಿ ಮರದ ಹಿಡಿಯ ಕನ್ನಡಿ, ಇನ್ನೊಂದರಲ್ಲಿ ಹಳದಿ ಚೀಟಿಗಳ ಕಟ್ಟು. ಅನುಮಾನ ಬಂದ ಜಾಗದಲ್ಲಿ ಚೀಟಿ ಇಡುತ್ತೇನೆ. ಸಾಕಷ್ಟು ಬೆಳಕು ಬಿದ್ದರೆ ಅದು ಬಿಳಿಯಾಗುತ್ತದೆ, ಹಳದಿಯಾಗಿಯೇ ಉಳಿದರೆ ಅಲ್ಲಿ ನೆರಳಿದೆ. ಊರಿನ ಮೂರು, ಐದು, ಏಳನೆಯ ಪಡಸಾಲೆಗಳು ನನ್ನ ಸುತ್ತಿಗೆ ಸೇರಿವೆ. ನನ್ನ ಕಣ್ಣು ತಪ್ಪಿಸಿದ ನೆರಳಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು, ನಾನೂ ಕೇಳಿ ಹಿಗ್ಗುತ್ತಿದ್ದೆ.

ಇನ್ನೊಂದು ಕಟ್ಟಳೆಯನ್ನು ನಿಮಗೆ ಹೇಳಲೇಬೇಕು. ನಮ್ಮ ಪಡಸಾಲೆಯ ಬಾಗಿಲಲ್ಲಿ ಯಾರೂ ಕೈ ತೊಳೆಯುವುದಿಲ್ಲ, ಇನ್ನೊಬ್ಬರ ವಸ್ತುವಿನ ಬಳಿಯಂತೂ ಇಲ್ಲವೇ ಇಲ್ಲ. ನೀರಿನ ಕೊರತೆ ಅದಕ್ಕೆ ನೆಪ ಮಾತ್ರ. ಮೊದಲ ಪಡಸಾಲೆ ಕಟ್ಟಿದಾಗ ಎಲ್ಲ ಕೇರಿಯವರೂ ಒಂದೇ ಸೂರಿನಡಿ ಬಂದರು. ಕೆಲವರು ಇನ್ನು ಕೆಲವರು ಮುಟ್ಟಿದ್ದನ್ನು ತೊಳೆಯತೊಡಗಿದರು. ಅಂಥದ್ದೆಲ್ಲ ಮುಗಿದ ಕಾಲದ ಮಾತೆಂದು ನೀವು ಭಾಷಣಗಳಲ್ಲಿ ಹೇಳಿಕೊಳ್ಳುತ್ತಿದ್ದಿರಿ, ಮುಗಿದಿರಲಿಲ್ಲ. ಆಗ ಹಿರಿಯರು ಕೂತು ಕಟ್ಟಳೆ ಮಾಡಿದರು: ಒಂದೇ ಬೆಳಕಿನ ಕೆಳಗೆ ಒಬ್ಬರ ಹಿಂದೆ ಒಬ್ಬರು ತೊಳೆಯಬಾರದು, ಶುದ್ಧ ಮಾಡುವುದು ದೀಪಕ್ಕೆ ಬಿಟ್ಟದ್ದು. ನಮ್ಮವರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದು ದೊಡ್ಡದು, ಈಗಲೂ ಹಾಗೆಂದೇ ನಂಬಿದ್ದೇನೆ. ಬಾಗಿಲಲ್ಲಿ ನಿಂತು ಕೈಗೆ ನೀರು ಕೇಳುವುದು ನಮ್ಮಲ್ಲಿ ಬೈಗುಳಕ್ಕಿಂತ ಕೆಟ್ಟದ್ದು.

ಈ ಬಿಸಿಲುಗಾಲದ ಅರವತ್ತನೆಯ ದಿನದ ಹೊತ್ತಿಗೆ ಮೂರನೆಯ ಪಡಸಾಲೆಯ ರೇಣವ್ವ ಹೆತ್ತಳು. ಹೆರಿಗೆಯಾದ ದಿನವೇ ನೆರಳುಗಾರ್ತಿ ಹೋಗಬೇಕು. ಬಾಣಂತಿಯ ಬಟ್ಟೆ ಮಗುಚಿ, ಕೂಸಿನ ಹೊಕ್ಕುಳಿನ ಬಟ್ಟೆಯನ್ನೂ ತಿರುವಿ, ಚೀಟಿ ಇಟ್ಟು ಬರಬೇಕು. ಎಲ್ಲ ಮಾಡಿ ಬಂದೆ, ಚೀಟಿಗಳೆಲ್ಲ ಹಾಲಿನಂತೆ ಬಿಳಿ. ಐದನೆಯ ದಿನ ರೇಣವ್ವಳಿಗೆ ಚಳಿಜ್ವರ ಬಂತು, ಒಂಬತ್ತನೆಯ ದಿನ ಹೋಗಿಬಿಟ್ಟಳು. ತಿಂಗಳೊಳಗೆ ಐದನೆಯ ಪಡಸಾಲೆಯಲ್ಲಿ ಹೆತ್ತ ಇಮಾಂಬಿಗೂ ಐದನೆಯ ದಿನವೇ ಜ್ವರ. ಅವಳು ಉಳಿದಳು, ಕೂಸು ಉಳಿಯಲಿಲ್ಲ. ದೀಪಗಳನ್ನು ಇಳಿಸಿ ನೋಡಿದರು, ಹೊಸವನ್ನು ಹಾಕಿದರು, ಗೋಡೆಗೆ ಸುಣ್ಣ ಬಳಿದರು. ನನ್ನನ್ನು ಮತ್ತೆ ಮತ್ತೆ ಕರೆಸಿದರು. ನಾನು ಮಂಡಿಯೂರಿ ಮಂಚದ ಕಾಲಿನ ಕೆಳಗೆಲ್ಲ ನೆರಳು ಹುಡುಕಿದೆ, ಸಿಗಲಿಲ್ಲ. ಹುಡುಕುವಾಗೆಲ್ಲ ಕನ್ನಡಿ ಕೈಯಲ್ಲೇ ಇತ್ತು.

ಗೊತ್ತಾದದ್ದು ಇಂದಿಗೆ ಏಳು ದಿನದ ಹಿಂದೆ, ಮಟಮಟ ಮಧ್ಯಾಹ್ನ. ಉಳಿದ ಚೀಟಿಗಳನ್ನು ಕಟ್ಟುವಾಗ ಒಂದು ಕಡಿಮೆ ಬಿತ್ತು. ಹುಡುಕಿದರೆ ಅದು ಕನ್ನಡಿಯ ಹಿಡಿಗೆ ಸುತ್ತಿದ ದಾರಕ್ಕೆ ಅಂಟಿಕೊಂಡಿತ್ತು. ಬೆಳಗಿನಿಂದ ಮೂರು ಪಡಸಾಲೆ ತಿರುಗಿ, ನೂರಾರು ದೀಪದ ಕೆಳಗೆ ಹಾದು ಬಂದ ಚೀಟಿ ಅರಿಸಿನದಂತೆ ಹಳದಿಯಾಗಿಯೇ ಇತ್ತು. ಹಿಡಿಗೆ ನನ್ನ ಅಂಗೈಯ ನೆರಳು, ಅಂಗೈಗೆ ಹಿಡಿಯ ನೆರಳು. ಮೂವತ್ತೊಂದು ವರ್ಷ ಅದನ್ನು ಒಮ್ಮೆಯೂ ಮಗುಚಿ ಇಟ್ಟವಳಲ್ಲ, ಮಗುಚಿನ ಹೊತ್ತಿನಲ್ಲೇ ನನಗೆ ಅದು ಬೇಕಲ್ಲ! ಬೆಳಿಗ್ಗೆ ಮನೆಯಲ್ಲಿ ತೊಳೆದ ಕೈ ಅದನ್ನು ಹಿಡಿದೊಡನೆ ಹಳೆಯ ಕೈಯಾಗುತ್ತಿತ್ತು. ಅದೇ ಕೈಯಿಂದ ಕೀವಾದ ಗಾಯದವರ ಹಾಸಿಗೆ ಮಗುಚಿ, ಅದೇ ಕೈಯಿಂದ ರೇಣವ್ವಳ ಬಟ್ಟೆ ತಿರುವಿದ್ದೆ. ಕೂತಲ್ಲೇ ಕೂತುಬಿಟ್ಟೆ.

ಈಗ ನಾಚಿಕೆ ಬಿಟ್ಟು ಒಂದು ಮಾತು ಬರೆಯುತ್ತೇನೆ. ನಾಲ್ಕು ದಿನ ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ರೇಣವ್ವಳನ್ನು ಕೊಂದವಳಾಗುತ್ತೇನೆ, ತೊಳೆಯುವ ಮಾತೆತ್ತಿದರೆ ಹಳೆಯ ಹೊಲಸನ್ನು ಮರಳಿ ತಂದವಳಾಗುತ್ತೇನೆ. ಗುಟ್ಟಾಗಿ ಹಿಡಿಯನ್ನು ಬಿಸಿನೀರಲ್ಲಿ ಕುದಿಸಿದೆ, ದಾರ ಬಿಚ್ಚಿ ಸುಟ್ಟೆ. ಇಷ್ಟು ಸಾಕು, ಬಾಯಿ ಮುಚ್ಚಿಕೊಂಡಿರೋಣ ಎಂದುಕೊಂಡೆ. ಆದರೆ ಊರಲ್ಲಿ ನನ್ನಂಥ ನೆರಳುಗಾರ್ತಿಯರು ಇನ್ನೂ ಹನ್ನೊಂದು ಜನ, ಹನ್ನೊಂದು ಕನ್ನಡಿ. ಮೇಲಾಗಿ ನನ್ನ ತಂಗಿಯ ಮಗಳು ಸಾವಂತ್ರಿಗೆ ದಿನ ತುಂಬಿತ್ತು. ತಂಗಿ ಹೋದ ಮೇಲೆ ನಾನೇ ಎತ್ತಿ ಆಡಿಸಿ ಸಾಕಿದ ಹುಡುಗಿ ಅವಳು. ಅವಳನ್ನು ನಾನು ಕುದಿಸಿದ ಹಿಡಿ ಹಿಡಿದು ಮುಟ್ಟಬಹುದಿತ್ತು, ಆದರೆ ಅವಳನ್ನು ಮುಟ್ಟುವ ಉಳಿದ ನಾನೂರು ಜನರ ಅಂಗೈಗಳನ್ನು ಯಾರು ಕುದಿಸುತ್ತಾರೆ? ಅವರೂ ದಿನವೆಲ್ಲ ಏನನ್ನಾದರೂ ಹಿಡಿದೇ ಇರುತ್ತಾರೆ.

ನೂರಾ ಹದಿನಾಲ್ಕನೆಯ ದಿನ, ಬೆಳಗಿನ ಮೊದಲ ಮಗುಚಿನ ಹೊತ್ತಿಗೆ, ಸಾವಂತ್ರಿ ಇದೇ ಏಳನೆಯ ಪಡಸಾಲೆಯಲ್ಲಿ ಹೆಣ್ಣು ಕೂಸು ಹೆತ್ತಳು. ಕರೆ ಬಂತು, ಹೋದೆ. ಬಾಣಂತಿ ಕೋಣೆಯ ಹೊಸ್ತಿಲಲ್ಲಿ ನಿಂತು, ಎಲ್ಲರ ಎದುರಿಗೆ, ಕೈಗೆ ನೀರು ಕೇಳಿದೆ. ರೊಟ್ಟಿ ಬಡಿಯುವ ಕೈಗಳು ನಿಂತವು. ಪಡಸಾಲೆಯ ಯಜಮಾನಿಕೆ ನೋಡುವ ಕಲ್ಲಪ್ಪ ಮೆತ್ತನೆಯ ಮನುಷ್ಯ, ಅವನ ಮುಖವೂ ಕೆಂಪಾಯಿತು. "ಯಾಕ ಫಕೀರವ್ವಾ, ಯಾರನ್ನ ಮುಟ್ಟಿ ಬಂದಿ ಅಂತ ನೀರ ಕೇಳ್ತಿ? ಈ ಬಾಗಿಲದಾಗ ಇಂಥಾ ಮಾತ ಯಾರೂ ಆಡಿದ್ದಿಲ್ಲ" ಎಂದ. "ಯಾರನ್ನ ಮುಟ್ಟೇನಿ ಅಂತ ಅಲ್ಲೋ ಯಪ್ಪಾ, ಯಾರನ್ನ ಮುಟ್ಟಾಕ ಹೊಂಟೇನಿ ಅಂತ ಕೇಳಾಕತ್ತೇನಿ" ಎಂದೆ. ಒಳಗಿನಿಂದ ಸಾವಂತ್ರಿ, "ದೊಡ್ಡವ್ವಾ, ಒಳಗ ಬಾ, ಯಾಕ ಅಲ್ಲೇ ನಿಂತಿ?" ಎಂದು ಕರೆಯುತ್ತಿದ್ದಳು. ನನ್ನ ಕಾಲು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಹಳದಿ ಚೀಟಿಯನ್ನು ಎತ್ತಿ ತೋರಿಸಿ, ರೇಣವ್ವಳ ಸಾವನ್ನು, ಇಮಾಂಬಿಯ ಕೂಸನ್ನು, ನಾಲ್ಕು ದಿನ ಬಾಯಿ ಮುಚ್ಚಿಕೊಂಡದ್ದನ್ನು, ಎಲ್ಲವನ್ನೂ ನಿಂತಲ್ಲೇ ಹೇಳಿಬಿಟ್ಟೆ. ಯಾರೋ ಒಬ್ಬಳು ಥೂ ಎಂದಳು. ಅದು ನನಗೆ ಸಲ್ಲಬೇಕಾದದ್ದೇ. ಆದರೆ ನೀರು ಯಾರೂ ತರಲಿಲ್ಲ.

ಆಗ ಎದ್ದವಳು ದುರಗವ್ವ. ಅವಳಿಗೆ ಎಂಬತ್ನಾಲ್ಕು ವರ್ಷ, ಇಡೀ ಪಡಸಾಲೆಗೆ ಹಿರಿಯಳು. ಆ ಕಟ್ಟಳೆ ಹುಟ್ಟಿದ್ದೇ ಅವಳ ಮನೆತನದ ನೋವಿನಿಂದ. ಅವಳ ಅಜ್ಜಿ ನಿಮ್ಮ ಮಕ್ಕಳ ಓರಗೆಯವಳು, ನಿಮ್ಮ ಊರಲ್ಲೇ ಎಲ್ಲೋ ಆಡಿಕೊಂಡಿರಬಹುದು. ದುರಗವ್ವ ಕೋಲೂರುತ್ತ ಬಂದು ನನ್ನ ಎದುರು ನಿಂತಳು. "ನಮ್ಮಜ್ಜಿ ಮುಟ್ಟಿದ ಕೊಡಕ್ಕ ಹುಣಸಿಹಣ್ಣ ಹಚ್ಚಿ ಮೂರ ಸಲ ತಿಕ್ಕತಿದ್ರಂತ. ಅದನ್ನ ಆಕಿ ಸಾಯೂತನಕ ಮರೀಲಿಲ್ಲ, ನಾನೂ ಮರ್ತಿಲ್ಲ" ಎಂದಳು. ನಾನು ತಲೆ ತಗ್ಗಿಸಿದೆ. ಇವಳೇ ಬೇಡವೆಂದರೆ ಇನ್ನು ಕೇಳುವ ಬಾಯಿ ನನಗಿರಲಿಲ್ಲ. ಒಳಗೆ ಕೂಸು ಅತ್ತಾಗ ಅವಳು ಕೋಣೆಯ ಕಡೆ ನೋಡಿದಳು. ಆಮೇಲೆ ಕಲ್ಲಪ್ಪನಿಗೆ ಚರಿಗೆಯಲ್ಲಿ ನೀರು, ಸಾಬೂನು ತರಲು ಹೇಳಿದಳು. ಚರಿಗೆ ಬಂದಾಗ ಅದನ್ನು ನನ್ನ ಕೈಗೆ ಕೊಟ್ಟು, ತನ್ನ ಎರಡೂ ಅಂಗೈ ಮುಂದೆ ಚಾಚಿದಳು. "ಮೊದಲ ನೀ ನನ್ನ ಕೈಗೆ ಹಾಕು. ಆಮ್ಯಾಲ ನಾ ನಿನ್ನ ಕೈಗೆ ಹಾಕ್ತೇನಿ. ಯಾರ ಹಿಂದೂ ಯಾರೂ ತೊಳಕೋಬ್ಯಾಡ್ರಿ, ಕೂಸಿನ ಮುಂದ ಎಲ್ಲಾರೂ ತೊಳಕೋರಿ."

ನಾನು ಅವಳ ಕೈಗೆ ನೀರು ಹಾಕಿದೆ. ಅವಳು ಚರಿಗೆ ಎತ್ತಿ ನನ್ನ ಕೈಗೆ ಹಾಕುವಾಗ ಅರ್ಧ ನೀರು ನೆಲಕ್ಕೆ ಹೋಯಿತು. ಅಷ್ಟು ನೀರು ಚೆಲ್ಲಿದ್ದಕ್ಕೆ ಬೇರೆ ದಿನವಾಗಿದ್ದರೆ ಕಲ್ಲಪ್ಪ ಗದರುತ್ತಿದ್ದ. ಅಂದು ಅವನು ಎರಡನೆಯ ಚರಿಗೆ ತಂದು, ತಾನೇ ಕೈ ಚಾಚಿ ನಿಂತ. ಎಲ್ಲರೂ ಬಂದರೆಂದು ಬರೆದರೆ ಸುಳ್ಳಾಗುತ್ತದೆ. ಅರ್ಧದಷ್ಟು ಜನ ಮುಖ ತಿರುಗಿಸಿ ಹೋದರು, ನಮ್ಮ ಮೇಲೆ ಸಭೆಗೆ ದೂರು ಕೊಟ್ಟಿದ್ದಾರೆ. ನನ್ನ ಕನ್ನಡಿಯನ್ನು ಕಿತ್ತುಕೊಂಡಿದ್ದಾರೆ, ವಿಚಾರಣೆ ಮಳೆ ಬಿದ್ದ ಮೇಲಂತೆ. ಉಳಿದ ಹನ್ನೊಂದು ಕನ್ನಡಿಗಳು ಇನ್ನೂ ತಿರುಗುತ್ತಲೇ ಇವೆ.

ಹಿರಿಯರೇ, ಆ ದೀಪ ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ನಾವು ಯಾರೂ ಹುಟ್ಟುತ್ತಿರಲಿಲ್ಲ; ಸಭೆ ಹೇಳಿದ ಧನ್ಯವಾದವನ್ನೂ ಇಲ್ಲೇ ಸೇರಿಸಿ ಓದಿಕೊಳ್ಳಿ. ಆದರೆ ಕೈ ಮಾಡಬೇಕಾದ ಕೆಲಸವನ್ನೂ ಅದು ಮಾಡುತ್ತದೆಂದು ಯಾರಿಗೂ ಕಲಿಸಬೇಡಿ. ಮೊದಲ ದೀಪ ಹಾಕಿದ ಗೋಡೆಗೇ ಒಂದು ನಲ್ಲಿ ಹಾಕಿಸಿ. ಬಂದವರ ಕೈಗೆ ನೀರು ಕೊಡುವ ರೂಢಿ ನಿಮ್ಮಲ್ಲಿ ಇನ್ನೂ ಇದೆಯಂತೆ, ಅದನ್ನು ಬಿಡಬೇಡಿ. ಮತ್ತೆ, ಮುಟ್ಟಿದವರ ಹಿಂದೆ ತೊಳೆಯುವುದನ್ನು ನಿಮ್ಮ ಕಾಲಕ್ಕೇ ಮುಗಿಸಿ. ನೀವು ಮುಗಿಸದೆ ಬಿಟ್ಟದ್ದಕ್ಕೇ ನಮ್ಮ ಒಳ್ಳೆಯ ಜನ ನೀರಿಗೇ ಹೆದರುವಂತಾಯಿತು. ಇದನ್ನು ಬರೆಯುವಾಗ ನನಗೆ ನಿಮ್ಮ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಇವತ್ತು ಸಾವಂತ್ರಿಗೆ ನಾಲ್ಕನೆಯ ದಿನ. ಈಗಷ್ಟೇ ಕೈ ತೊಳೆದು ಒಳಗೆ ಹೋಗಿ ಮುಟ್ಟಿ ನೋಡಿ ಬಂದೆ. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದೆ, ತಾಯಿಯ ಹಣೆ ತಣ್ಣಗಿದೆ. ನಾಲ್ಕನೆಯ ದಿನ ರೇಣವ್ವಳ ಹಣೆಯೂ ತಣ್ಣಗೇ ಇತ್ತು.

ನಿಮ್ಮ ಮರಿಮಕ್ಕಳ ಪೈಕಿ ಒಬ್ಬಳು,
ಫಕೀರವ್ವ